ರೊಟ್ಟಿಯ ಜೊತೆ ಬಂದ ಮಾತು

ಹುಬ್ಬಳ್ಳಿಯಿಂದ ಧಾರವಾಡದ ದಾರಿ ಹಿಡಿದು ವಿದ್ಯಾನಗರ ದಾಟಿದರೆ ಉಣಕಲ್ ಸಿಗುತ್ತದೆ. ರಸ್ತೆಯ ಮಗ್ಗುಲಿಗೆ ದೊಡ್ಡ ಕೆರೆ, ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ, ಸಿದ್ಧಪ್ಪಜ್ಜನ ಹೆಸರು ಹೇಳಿ ಕೈ ಮುಗಿಯುವ ಹಿರಿಯರು. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಲಾಯಿತು. ಮುಂದೆ ಎರಡು ನಗರಗಳ ನಡುವಿನ ಎರಿಹೊಲಗಳು ಒಂದೊಂದಾಗಿ ಬಡಾವಣೆಗಳಾದವು. 2018ರಿಂದ ಇಲ್ಲಿ ‘ಚಿಗರಿ’ ಬಸ್ಸುಗಳು ಓಡುತ್ತಿವೆ. ಚಿಗರಿ ಎಂದರೆ ಈ ಭಾಗದ ಮಾತಿನಲ್ಲಿ ಜಿಂಕೆ. ಹೊಸ ಕಾಲದ ತಂಪು ಬಸ್ಸಿಗೆ ಅಜ್ಜಿಯರ ಬಾಯಲ್ಲಿದ್ದ ಶಬ್ದವೇ ಹೆಸರಾಯಿತು. ಆದರೆ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಕ್ಕಳ ಬಾಯಲ್ಲಿ ಅಜ್ಜಿಯರ ಉಳಿದ ಶಬ್ದಗಳು ಎಷ್ಟಿವೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಡುಗೆಮನೆಗೇ ಹೋಗಬೇಕು. ಏಕೆಂದರೆ ಇಲ್ಲಿಯ ಆಡುಮಾತು ಹೆಚ್ಚು ಉಳಿದಿರುವುದು ಒಲೆಯ ಸುತ್ತ.

ಎಸರು, ಜಿಗಿ, ಬಡಿತ

ಧಾರವಾಡ ಸೀಮೆಯ ಊಟದ ಬೆನ್ನೆಲುಬು ಬಿಳಿಜೋಳ. ಹಿಂಗಾರಿಗೆ ಎರಿಭೂಮಿಯಲ್ಲಿ ಬೆಳೆಯುವ ಈ ಜೋಳದ ಹಿಟ್ಟಿಗೆ ಗೋದಿಹಿಟ್ಟಿನ ಹಾಗೆ ತನ್ನಷ್ಟಕ್ಕೆ ಎಳೆ ಹಿಡಿಯುವ ಅಂಟು ಇಲ್ಲ. ಅದಕ್ಕಾಗಿಯೇ ಕುದಿಯುವ ನೀರು ಬೇಕು. ಆ ನೀರಿಗೆ ‘ಎಸರು’ ಎನ್ನುತ್ತಾರೆ. ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಮೃದುವಾಗಿ, ನಾದಿದಂತೆ ‘ಜಿಗಿ’ ಬರುತ್ತದೆ. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಾದರೆ ಜಿಗಿ ಹೋಗಿ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ನಾದಿದ ಹಿಟ್ಟನ್ನು ಲಟ್ಟಿಸುವುದಿಲ್ಲ. ಒಣಹಿಟ್ಟು ಉದುರಿಸಿ ಅಂಗೈಯಿಂದ ತಿರುಗಿಸುತ್ತ ‘ಬಡಿಯುತ್ತಾರೆ’. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ ಮಗುಚಿದರೆ ಅದು ಹೊಟ್ಟೆಯುಬ್ಬಿಸಿಕೊಂಡು ಏಳುತ್ತದೆ.

ಬಿಸಿಯಾಗಿ ತಿಂದರೆ ಬಿಸಿರೊಟ್ಟಿ, ಒಣಗಿಸಿ ಇಟ್ಟರೆ ಖಡಕ್ ರೊಟ್ಟಿ. ಬಿಸಿರೊಟ್ಟಿಯನ್ನು ಬಳ್ಳೊಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆಯ ಜೊತೆ ಕುಟ್ಟಿ ಅಂಗೈಯಲ್ಲಿ ಮುಷ್ಟಿಯಾಗಿ ಒತ್ತಿದರೆ ಮುಟಗಿ. ತಾಟಿನಲ್ಲಿ ರೊಟ್ಟಿಯ ಜೊತೆಗೆ ಬದನಿಕಾಯಿ ಎಣಗಾಯಿ, ಪುಂಡಿಪಲ್ಯ, ಜುಣಕ, ಗುರೆಳ್ಳು ಹಿಂಡಿ, ಶೇಂಗಾ ಚಟ್ನಿ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಕೆನೆಮೊಸರು. ದಕ್ಷಿಣದವರ ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲಿ ಬಳ್ಳೊಳ್ಳಿ, ಕಡಲೆಕಾಯಿ ಇಲ್ಲಿ ಶೇಂಗಾ, ಮೊಟ್ಟೆ ಇಲ್ಲಿ ತತ್ತಿ.

ಮಾತಿಗೂ ಕಟ್ಟಳೆಯಿದೆ

ಈ ಮಾತನ್ನು ಕೇಳಿದ ಹೊರಗಿನವರು ‘ಒರಟು’ ಎನ್ನುವುದುಂಟು. ಕೆಲವರು ‘ಕೆಟ್ಟ ಕನ್ನಡ’ ಎಂದೂ ಹೇಳಿಬಿಡುತ್ತಾರೆ. ಕಿವಿಗೊಟ್ಟು ಕೇಳಿದರೆ ಇದರ ಕಟ್ಟಳೆ ತಿಳಿಯುತ್ತದೆ. ಬರಹದ ಕನ್ನಡದಲ್ಲಿ ಎಕಾರದಿಂದ ಮುಗಿಯುವ ಮನೆ, ಕೆರೆ, ಒಲೆಗಳು ಇಲ್ಲಿ ಮನಿ, ಕೆರಿ, ಒಲಿ. ಬೇಡ ಎಂಬುದು ಬ್ಯಾಡ, ಮೇಲೆ ಎಂಬುದು ಮ್ಯಾಲ; ಅದೇ ರೀತಿ ಹೋದ ಎಂಬುದು ಹ್ವಾದ, ದೋಸೆ ಎಂಬುದು ದ್ವಾಸಿ. ದಕ್ಷಿಣದವರು ‘ಮಾಡುತ್ತಿದ್ದೇನೆ’ ಎಂದು ‘ಇರು’ ಧಾತುವನ್ನು ಸೇರಿಸಿದರೆ, ಇಲ್ಲಿಯವರು ‘ಹತ್ತು’ ಸೇರಿಸಿ ‘ಮಾಡಾಕತ್ತೇನಿ’ ಎನ್ನುತ್ತಾರೆ. ಎಲ್ಲಿಯೂ ಅಂಕೆತಪ್ಪಿದ ನುಡಿಯಲ್ಲ. ಬೇರೊಂದು ಅಂಕೆಯಲ್ಲಿ ನಡೆಯುವ ನುಡಿ.

ಒಂದೇ ಊರಿನಲ್ಲೂ ಮನೆಯಿಂದ ಮನೆಗೆ ಬದಲಾವಣೆ ಉಂಟು. ಒಂದು ಮನೆಯಲ್ಲಿ ‘ಐತಿ’ ಎಂದರೆ ಇನ್ನೊಂದರಲ್ಲಿ ‘ಅದ’. ಧಾರವಾಡದ ಕನ್ನಡ ಜಾತಿ, ಸಮುದಾಯಗಳಿಗೆ ತಕ್ಕಂತೆ ಹೇಗೆ ಬೇರೆಯಾಗುತ್ತದೆ ಎಂಬುದನ್ನು ವಿಲಿಯಂ ಮೆಕಾರ್ಮ್ಯಾಕ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1960ರಲ್ಲೇ ಪ್ರಕಟಿಸಿದ್ದರು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಸೀಮೆಯಾದ್ದರಿಂದ ಮರಾಠಿಯ ನೆರಳೂ ದಟ್ಟವಾಗಿದೆ. ಚಾ, ತಾಟು, ವೈನಿ, ಬರೋಬರಿ ಇವೆಲ್ಲ ಆ ನೆರೆಯ ಉಡುಗೊರೆ. ಸಂಬಳಕ್ಕೆ ಹೇಳುವ ‘ಪಗಾರ’ ಮತ್ತು ಆಲೂಗಡ್ಡೆಗೆ ಹೇಳುವ ‘ಬಟಾಟಿ’ ಇನ್ನೂ ದೂರದವು. ಪೋರ್ತುಗೀಜರಿಂದ ಮರಾಠಿಗೆ ಬಂದು, ಅಲ್ಲಿಂದ ಉಣಕಲ್ಲಿನ ಅಡುಗೆಮನೆಯವರೆಗೆ ನಡೆದುಬಂದ ಶಬ್ದಗಳು.

ಇದೇ ನುಡಿಯನ್ನು ಧಾರವಾಡದ ದ. ರಾ. ಬೇಂದ್ರೆಯವರು ಕಾವ್ಯದ ಎತ್ತರಕ್ಕೆ ಒಯ್ದರು. ‘ನಾಕು ತಂತಿ’ಗೆ 1973ರ ಜ್ಞಾನಪೀಠ ಬಂದಾಗ ನಾಲ್ಕು ‘ನಾಕು’ ಆಗಿದ್ದು ತಪ್ಪೆಂದು ಯಾರೂ ಹೇಳಲಿಲ್ಲ. ಆದರೆ ಶಾಲೆಯ ಹುಡುಗ ಪರೀಕ್ಷೆಯಲ್ಲಿ ‘ಐತಿ’ ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ಬರಹಕ್ಕೆ ಒಂದು ಸಮಾನ ರೂಪ ಬೇಕು, ನಿಜ. ಆದರೆ ‘ಹೀಗೆ ಬರೆಯಬೇಡ’ ಎಂಬುದಕ್ಕೂ ‘ಹೀಗೆ ಮಾತಾಡಬೇಡ’ ಎಂಬುದಕ್ಕೂ ಇರುವ ಅಂತರ ಮಗುವಿಗೆ ಯಾರು ಹೇಳುತ್ತಾರೆ? ಅದು ಕಲಿಯುವುದು ಒಂದೇ ಪಾಠ: ಅವ್ವ ಆಡುವ ಮಾತು ತಪ್ಪು.

ಕರೆಯುವ ಬಗೆ

ಮನೆಮಂದಿಯ ನಡುವಿನ ಪ್ರೀತಿ, ಮರ್ಯಾದೆಗಳೂ ಈ ಮಾತಿನಲ್ಲೇ ಹೆಣೆದುಕೊಂಡಿವೆ. ಚಿಕ್ಕಮ್ಮ ಚಿಗವ್ವ, ತಂದೆಯ ತಮ್ಮ ಕಾಕಾ, ತಾಯಿಯ ಅಣ್ಣತಮ್ಮಂದಿರು ಸ್ವಾದರಮಾವ, ಓರಗಿತ್ತಿ ನೆಗೆಣ್ಣಿ. ಮೊಮ್ಮಗನನ್ನು ಅಜ್ಜಿ ‘ಯಪ್ಪಾ’ ಎನ್ನುತ್ತಾಳೆ, ಮೊಮ್ಮಗಳನ್ನು ‘ಯವ್ವಾ’ ಎನ್ನುತ್ತಾಳೆ. ಚಿಕ್ಕವರನ್ನು ಹಿರಿಯರ ಹೆಸರಿನಿಂದಲೇ ಕರೆಯುವ ಅಕ್ಕರೆ ಅದು. ಬಂದವರು ಗುರುತಿನವರಿರಲಿ, ಹೊಸಬರಿರಲಿ, ‘ಬರ್ರಿ, ಕುಂಡ್ರಿ, ಚಾ ಕುಡೀರಿ’ ಎಂಬ ‘ರಿ’ ತಪ್ಪುವುದಿಲ್ಲ.

ಹಬ್ಬಗಳು ಬಂದರೆ ಮಾತು, ಊಟ, ಬಳಗ ಮೂರೂ ಒಂದಾಗುತ್ತವೆ. ಶ್ರಾವಣದ ನಾಗರಪಂಚಮಿಯ ಹೊತ್ತಿಗೆ ‘ರೊಟ್ಟಿ ಪಂಚಮಿ’ ಎಂಬ ಆಚರಣೆಯುಂಟು. ಖಡಕ್ ರೊಟ್ಟಿ, ಬಗೆಬಗೆಯ ಕಾಳುಪಲ್ಯ, ಚಟ್ನಿಗಳು ಮನೆಯಿಂದ ಮನೆಗೆ ಹೋಗುತ್ತವೆ, ಆ ಮನೆಯಿಂದ ಈ ಮನೆಗೆ ಬರುತ್ತವೆ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಜೋಕಾಲಿ, ಶೇಂಗಾ ಉಂಡಿ, ಜೋಳದ ಅಳ್ಳು. ಎಳ್ಳು ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವುದು, ಸಜ್ಜಿರೊಟ್ಟಿ, ಎಣಗಾಯಿಗಳನ್ನು ಬದುವಿನ ಮೇಲೆ ಕುಳಿತು ಉಣ್ಣುವುದು. ಹೊಲವೇ ಬಡಾವಣೆಯಾದ ಮೇಲೆ ಎಷ್ಟೋ ಮನೆಗಳಿಗೆ ಚರಗ ಚೆಲ್ಲಲು ಬೇರೆಯವರ ಹೊಲ ಬೇಕು. ಆಚರಣೆ ನಿಂತರೆ ‘ಚರಗ’ ಎಂಬ ಶಬ್ದವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಬಿಡಿಸಿ ಹೇಳಿದ ಶಬ್ದ ಬಾಯಿಗೆ ಬರುವುದು ಅಪರೂಪ.

ಕೈಯಿಂದ ಅಂಗಡಿಗೆ

ಆದರೆ ಹಳೆಯ ಅಡುಗೆಮನೆಯನ್ನು ಹಾಡಿ ಹೊಗಳುವವರು ಒಂದು ಲೆಕ್ಕ ಮರೆಯಬಾರದು. ಒಬ್ಬರಿಗೆ ಹೊತ್ತಿಗೆ ಎರಡು ರೊಟ್ಟಿಯೆಂದು ಹಿಡಿದರೂ, 10 ಜನರ ಮನೆಗೆ ಎರಡು ಹೊತ್ತಿಗೆ 40 ರೊಟ್ಟಿ. ಕಟ್ಟಿಗೆ ಒಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನಸುಕಿನಲ್ಲೇ ಅಷ್ಟನ್ನೂ ಬಡಿದವರು ಮನೆಯ ಸೊಸೆಯಂದಿರು. ರೊಟ್ಟಿ ಬಡಿಯಲು ಬಾರದ ಸೊಸೆ ಕೇಳಬೇಕಾದ ಮಾತುಗಳೂ ಇದೇ ಸವಿನುಡಿಯಲ್ಲೇ ಇದ್ದವು.

ಇಂದು ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ರೊಟ್ಟಿ ಕೇಂದ್ರಗಳಿವೆ. ನೌಕರಿಗೆ ಹೋಗುವ ಗಂಡಹೆಂಡಿರು ಖಡಕ್ ರೊಟ್ಟಿಯ ಕಟ್ಟು ಕೊಂಡೊಯ್ಯುತ್ತಾರೆ. ಮನೆಯಲ್ಲಿ ಪಗಾರವಿಲ್ಲದೆ ನಡೆಯುತ್ತಿದ್ದ ಕೆಲಸಕ್ಕೆ ಅಲ್ಲಿ ದುಡ್ಡು ಸಿಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಅದರಿಂದ ಸಂಸಾರ ನಡೆಸುತ್ತಿದ್ದಾರೆ. ಇದನ್ನು ಹಾನಿಯೆಂದು ಹೇಳುವುದು ಹೇಗೆ? ಆದರೆ ಕೊಂಡು ತಂದ ಕಟ್ಟಿನಲ್ಲಿ ರೊಟ್ಟಿ ಮಾತ್ರ ಬರುತ್ತದೆ. ಎಸರು, ಜಿಗಿ, ಬಡಿತ ಎಂಬ ಶಬ್ದಗಳು ಬರುವುದಿಲ್ಲ. ಒಲೆಯ ಮುಂದೆ ಕೂತು ಮೊದಲ ಬಿಸಿರೊಟ್ಟಿಗೆ ಕಾಯುತ್ತ ಮಗು ಕೇಳಿಸಿಕೊಳ್ಳುತ್ತಿದ್ದ ಕತೆ, ಒಗಟು, ಗಾದೆಗಳೂ ಬರುವುದಿಲ್ಲ.

ಇದು ಉಣಕಲ್ಲಿನ ಒಂದೂರಿನ ಕತೆಯಲ್ಲ. ದೂರದ ಮಲೇಷ್ಯಾದಲ್ಲಿ ಕೆಲಂತಾನ್ ಎಂಬ ಸೀಮೆಯಿದೆ. ಅಲ್ಲಿಯ ಮಲಯ್ ಆಡುಮಾತು ಪುಸ್ತಕದ ಮಲಯ್‌ಗಿಂತ ಎಷ್ಟು ಬೇರೆಯೆಂದರೆ, ರಾಜಧಾನಿಯವರಿಗೆ ಅದು ಬೇಗ ತಿಳಿಯುವುದಿಲ್ಲ. ‘ಉಣ್ಣು’ ಎಂಬುದಕ್ಕೆ ಪುಸ್ತಕದಲ್ಲಿ ‘ಮಕಾನ್’, ಕೆಲಂತಾನಿನ ಮನೆಯಲ್ಲಿ ಕೊನೆಯ ನಕಾರ ಬಿದ್ದು ‘ಮಕೆ’. ಸೊಪ್ಪು ಬೆರೆಸಿದ ನೀಲಿ ಅನ್ನ ‘ನಾಸಿ ಕೆರಾಬು’, ಮೀನಿನ ಹುಳಿರಸ ‘ಬುಡು’ ಅವರ ರೊಟ್ಟಿ, ಹಿಂಡಿ ಇದ್ದಂತೆ. ಉಣ್ಣಲು ಕರೆಯುವ ಮಾತು ಎಲ್ಲ ಕಡೆಗೂ ಮನೆಯದೇ.

ಹಾಗಾದರೆ ಮಾಡಬೇಕಾದ್ದೇನು? ಎಲ್ಲರೂ ಮತ್ತೆ ದಿನಕ್ಕೆ 40 ರೊಟ್ಟಿ ಬಡಿಯಬೇಕೆಂದಲ್ಲ. ಮನೆಯಲ್ಲಿ ಮಕ್ಕಳೊಂದಿಗೆ ಈ ಮಾತನ್ನು ಸಂಕೋಚವಿಲ್ಲದೆ ಆಡಿದರೆ ಸಾಕು. ರವಿವಾರ ಒಂದು ದಿನವಾದರೂ ಹಿಟ್ಟಿಗೆ ಎಸರು ಬೀಳಲಿ, ಗಂಡುಮಕ್ಕಳೂ ಪರಾತದ ಮುಂದೆ ಕೂಡ್ರಲಿ. ಮೊದಲ ರೊಟ್ಟಿ ಸೊಟ್ಟಗಾದರೆ ಅಜ್ಜಿ ನಗುತ್ತಾಳೆ. ‘ಇರಲಿ ಬಿಡೋ ಯಪ್ಪಾ, ಇನ್ನೊಂದು ಬಡಿ’ ಎನ್ನುತ್ತಾಳೆ.