‘ಕ್ರಾನಿಕ್’ ಅಂದ್ರೆ ವಾಸಿಯಾಗದ ಕಾಯಿಲೆನಾ?

ರಿಪೋರ್ಟಿನಲ್ಲಿ ‘ಕ್ರಾನಿಕ್’ ಅಂತ ಬರೆದಿದ್ರೆ ಕಾಯಿಲೆ ಕೈಮೀರಿದೆ ಅಂತಾನಾ? ಖಂಡಿತ ಅಲ್ಲ. ಈ ಪದದ ಮೂಲ ಗ್ರೀಕಿನ ‘ಕ್ರೋನೋಸ್’. ಅಂದ್ರೆ ಕಾಲ. ಕಾಯಿಲೆ ಎಷ್ಟು ದಿನದಿಂದ ಇದೆ ಅನ್ನೋದಷ್ಟೇ ಅದು ಹೇಳೋದು. ಬೇಸಿಗೆಯ ಆಲಿಕಲ್ಲು ಮಳೆ ನೋಡಿ, ಧೋ ಅಂತ ಸುರಿದು ಅರ್ಧ ಗಂಟೇಲಿ ನಿಲ್ಲುತ್ತೆ. ಅದು ‘ಅಕ್ಯೂಟ್’. ಮಲೆನಾಡಿನ ಜಡಿಮಳೆ ವಾರಗಟ್ಟಲೆ ಬಿಡಲ್ಲ. ಅದು ‘ಕ್ರಾನಿಕ್’. ಗೆರೆ ಎಲ್ಲಿ ಎಳೀತಾರೆ? ದೊಡ್ಡವರ ಕೆಮ್ಮಿಗೆ 8 ವಾರ. ಕಿಡ್ನಿ ತೊಂದರೆಗೆ 3 ತಿಂಗಳು.

‘ಆದ್ರೆ ಶುಗರ್ ಜೀವನಪೂರ್ತಿ ಇರುತ್ತಲ್ಲ?’ ಅಂತೀರಿ. ನಿಜ, ಬಹುಪಾಲು ಜನರಿಗೆ ಹಾಗೇ. ಅದು ಆ ಕಾಯಿಲೆಯ ಗುಣ, ಪದದ ಅರ್ಥ ಅಲ್ಲ. ಯಾಕಂದ್ರೆ ಹೆಪಟೈಟಿಸ್ ಸಿ ಕೂಡ ಕ್ರಾನಿಕ್ ಆಗುತ್ತೆ. ಸಾಮಾನ್ಯವಾಗಿ 8ರಿಂದ 12 ವಾರ ಮಾತ್ರೆ ತಗೊಂಡ್ರೆ, ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತೆ!

ಹಾಗಂತ ಹಗುರವಾಗಿ ತಗೋಬೇಡಿ. ಒಂಚೂರೂ ನೋವಿಲ್ಲದೆ ಕಿಡ್ನಿ ವರ್ಷಗಟ್ಟಲೆ ಹಾಳಾಗ್ತಾ ಹೋಗಬಹುದು. ಹಾಗಾಗಿ ಡಾಕ್ಟರ್ ‘ಕ್ರಾನಿಕ್’ ಅಂದಾಗ ಹೆದರಿ ಎದ್ದು ಬರಬೇಡಿ, ಕೇಳಿ: ಈಗ ಯಾವ ಹಂತದಲ್ಲಿದೆ? ಇದು ವಾಸಿಯಾಗುತ್ತಾ, ಇಲ್ಲ ಹತೋಟಿಯಲ್ಲಿ ಇಟ್ಕೋಬೇಕಾ?