ಗ್ರಾಮ ಪಂಚಾಯಿತಿ ಚುನಾವಣೆ: ಪಕ್ಷರಹಿತ ಪದ್ಧತಿ ಹಾಗೂ ಮತದಾರರ ಹಕ್ಕು, ಕರ್ತವ್ಯಗಳು

ಪೀಠಿಕೆ

ಕುಡಿಯುವ ನೀರು, ಬೀದಿ ದೀಪ, ಚರಂಡಿ, ಗ್ರಾಮದ ರಸ್ತೆ, ಮನೆ ಕಂದಾಯ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಇವೇ ಮೊದಲಾದ ವಿಷಯಗಳಲ್ಲಿ ಗ್ರಾಮೀಣ ನಾಗರಿಕರು ಮೊದಲು ಸಂಪರ್ಕಿಸುವ ಸಂಸ್ಥೆ ಗ್ರಾಮ ಪಂಚಾಯಿತಿ. ಈ ಸಂಸ್ಥೆಯ ಸದಸ್ಯರನ್ನು ಆರಿಸುವ ಚುನಾವಣೆಯು ರಾಜ್ಯದಲ್ಲಿ ನಡೆಯುವ ಇತರ ಚುನಾವಣೆಗಳಿಗಿಂತ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ. ಇದು ರಾಜಕೀಯ ಪಕ್ಷಗಳ ಆಧಾರದ ಮೇಲೆ ನಡೆಯುವುದಿಲ್ಲ. ಅಭ್ಯರ್ಥಿಯನ್ನು ಯಾವುದೇ ಪಕ್ಷವು ಆರಿಸಿ ಕಳುಹಿಸಿರುವುದಿಲ್ಲವಾದ ಕಾರಣ, ಅಭ್ಯರ್ಥಿಯ ಯೋಗ್ಯತೆಯನ್ನು ಪರಿಶೀಲಿಸುವ ಹೊಣೆ ಸಂಪೂರ್ಣವಾಗಿ ಮತದಾರರದ್ದೇ ಆಗಿರುತ್ತದೆ. ಈ ಹೊಣೆಯನ್ನು ನಿರ್ವಹಿಸಲು ಕಾನೂನು ಒದಗಿಸಿರುವ ಅವಕಾಶಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಅನ್ವಯ ರಾಜ್ಯದಲ್ಲಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ಜಾರಿಗೊಂಡಿತು. ಇದೇ ಅಧಿನಿಯಮವನ್ನು ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಕರೆಯಲಾಗುತ್ತದೆ. ಸಂವಿಧಾನದ 243ಕೆ ಅನುಚ್ಛೇದದ ಮೇರೆಗೆ ಪಂಚಾಯಿತಿ ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಹಾಗೂ ನಿಯಂತ್ರಣದ ಅಧಿಕಾರವು ರಾಜ್ಯ ಚುನಾವಣಾ ಆಯೋಗಕ್ಕೆ ಸೇರಿದೆ. ವಿಧಾನಸಭೆ ಹಾಗೂ ಲೋಕಸಭೆಯ ಚುನಾವಣೆಗಳನ್ನು ನಡೆಸುವ ಭಾರತ ಚುನಾವಣಾ ಆಯೋಗವು ಬೇರೆ ಸಂಸ್ಥೆಯಾಗಿದ್ದು, ಇವೆರಡೂ ಒಂದೇ ಎಂದು ಭಾವಿಸಬಾರದು.

ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಸ್ಥಾನಗಳನ್ನು ನಿಗದಿಪಡಿಸಲಾಗುತ್ತದೆ. ಉದಾಹರಣೆಗೆ, 6,000 ಜನಸಂಖ್ಯೆಯುಳ್ಳ ಪಂಚಾಯಿತಿಗೆ 15 ಸದಸ್ಯರಿರುತ್ತಾರೆ. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳಿಗೆ ಅವರ ಜನಸಂಖ್ಯೆಯ ಪ್ರಮಾಣಕ್ಕೆ ಅನುಗುಣವಾಗಿಯೂ, ಹಿಂದುಳಿದ ವರ್ಗಗಳಿಗೆ ಕಾನೂನಿನಲ್ಲಿ ಹೇಳಿರುವ ಪ್ರಮಾಣದಲ್ಲಿಯೂ ಸ್ಥಾನಗಳನ್ನು ಮೀಸಲಿಡಲಾಗುತ್ತದೆ. ಒಟ್ಟು ಸ್ಥಾನಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಪಂಚಾಯಿತಿಯ ಅವಧಿಯು ಅದರ ಮೊದಲ ಸಭೆಯ ದಿನಾಂಕದಿಂದ 5 ವರ್ಷ.

ಪಕ್ಷರಹಿತ ಚುನಾವಣೆ ಎಂದರೇನು?

ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆ ಹಾಗೂ ಮಹಾನಗರ ಪಾಲಿಕೆಗಳ ಚುನಾವಣೆಗಳಲ್ಲಿ ಅಭ್ಯರ್ಥಿಗಳು ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧಿಸಬಹುದು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇದಕ್ಕೆ ಅವಕಾಶವಿಲ್ಲ. ಇದರ ಪರಿಣಾಮಗಳು ಈ ಕೆಳಕಂಡಂತಿವೆ:

1. ಯಾವುದೇ ಅಭ್ಯರ್ಥಿಗೆ ಪಕ್ಷದ ಚಿಹ್ನೆಯನ್ನು ನೀಡಲಾಗುವುದಿಲ್ಲ. ರಾಜ್ಯ ಚುನಾವಣಾ ಆಯೋಗವು ಪ್ರಕಟಿಸುವ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಚುನಾವಣಾಧಿಕಾರಿಯು ಚಿಹ್ನೆಯನ್ನು ಹಂಚಿಕೆ ಮಾಡುತ್ತಾರೆ.

2. ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ.

3. ಪಕ್ಷದ ಹೆಸರು ಅಥವಾ ಚಿಹ್ನೆಯನ್ನು ಬಳಸಿ ಮತಯಾಚನೆ ಮಾಡುವಂತಿಲ್ಲ.

4. ಒಬ್ಬ ವ್ಯಕ್ತಿಯು ರಾಜಕೀಯ ಪಕ್ಷವೊಂದರ ಸದಸ್ಯನಾಗಿರುವುದು ಸ್ಪರ್ಧೆಗೆ ಅಡ್ಡಿಯಲ್ಲ. ಆದರೆ ಆತನು ವ್ಯಕ್ತಿಯಾಗಿ ಸ್ಪರ್ಧಿಸಬೇಕೇ ಹೊರತು ಪಕ್ಷದ ಪ್ರತಿನಿಧಿಯಾಗಿ ಅಲ್ಲ.

5. ಅಧ್ಯಕ್ಷ ಹಾಗೂ ಉಪಾಧ್ಯಕ್ಷರನ್ನು ಚುನಾಯಿತ ಸದಸ್ಯರು ತಮ್ಮೊಳಗಿನಿಂದಲೇ ಆರಿಸುತ್ತಾರೆ. ಸದಸ್ಯರು ಪಕ್ಷದಿಂದ ಆಯ್ಕೆಯಾದವರಲ್ಲದ ಕಾರಣ ಅವರ ಮೇಲೆ ಪಕ್ಷದ ವಿಪ್ ಅನ್ವಯವಾಗುವುದಿಲ್ಲ.

ಗ್ರಾಮದ ಅಗತ್ಯಗಳು ಪಕ್ಷಭೇದದಿಂದ ನಿರ್ಧಾರವಾಗಬಾರದು, ಒಂದೇ ಊರಿನ ಜನರು ಪಕ್ಷಗಳ ಹೆಸರಿನಲ್ಲಿ ಒಡೆದು ಹೋಗಬಾರದು ಎಂಬುದು ಈ ವ್ಯವಸ್ಥೆಯ ಆಶಯ. ಚಿಹ್ನೆಯನ್ನು ನಿಷೇಧಿಸಿದ ಮಾತ್ರಕ್ಕೆ ಈ ಆಶಯ ಈಡೇರುವುದಿಲ್ಲ. ಅಭ್ಯರ್ಥಿಯು ಗ್ರಾಮಸಭೆಗೆ ಬರುವವರೇ, ನೀರಿನ ಸಮಸ್ಯೆ ಬಂದಾಗ ಸ್ಪಂದಿಸಿದವರೇ, ಪಂಚಾಯಿತಿಯ ಲೆಕ್ಕಪತ್ರಗಳನ್ನು ಕೇಳಿ ತಿಳಿಯಬಲ್ಲವರೇ ಎಂಬುದನ್ನು ಮತದಾರರು ತಾವೇ ವಿಚಾರಿಸಿ ತಿಳಿದುಕೊಳ್ಳುವುದು ಅವಶ್ಯಕ.

ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವುದು

ಗ್ರಾಮ ಪಂಚಾಯಿತಿ ಚುನಾವಣೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಿ ಹೆಸರು ನೋಂದಾಯಿಸುವ ಪದ್ಧತಿ ಇಲ್ಲ. ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಆಯಾ ಪ್ರದೇಶಕ್ಕೆ ಸಂಬಂಧಿಸಿದ ಭಾಗವನ್ನೇ ಪಂಚಾಯಿತಿ ಕ್ಷೇತ್ರದ ಪಟ್ಟಿಯನ್ನಾಗಿ ಬಳಸಲಾಗುತ್ತದೆ. ಆದ್ದರಿಂದ ವಿಧಾನಸಭಾ ಪಟ್ಟಿಯಲ್ಲಿ ಹೆಸರಿಲ್ಲದವರು ಪಂಚಾಯಿತಿ ಚುನಾವಣೆಯಲ್ಲಿಯೂ ಮತ ಚಲಾಯಿಸಲಾಗದು.

ಅರ್ಜಿ ನಮೂನೆಗಳು:

- ನಮೂನೆ 6: ಹೊಸದಾಗಿ ಹೆಸರು ಸೇರಿಸಲು.
- ನಮೂನೆ 7: ಹೆಸರು ಸೇರ್ಪಡೆಗೆ ಆಕ್ಷೇಪಿಸಲು ಅಥವಾ ಮೃತರ, ಸ್ಥಳಾಂತರಗೊಂಡವರ ಹೆಸರನ್ನು ತೆಗೆದುಹಾಕಲು.
- ನಮೂನೆ 8: ತಪ್ಪುಗಳ ತಿದ್ದುಪಡಿಗೆ ಹಾಗೂ ವಾಸಸ್ಥಳ ಬದಲಾವಣೆಗೆ.

ಜನವರಿ 1, ಏಪ್ರಿಲ್ 1, ಜುಲೈ 1 ಹಾಗೂ ಅಕ್ಟೋಬರ್ 1 ಈ ನಾಲ್ಕು ಅರ್ಹತಾ ದಿನಾಂಕಗಳಾಗಿವೆ. ಇವುಗಳಲ್ಲಿ ಯಾವುದಾದರೊಂದು ದಿನಾಂಕಕ್ಕೆ 18 ವರ್ಷ ತುಂಬಿದವರು ನೋಂದಣಿಗೆ ಅರ್ಹರು. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಅರ್ಜಿಗೆ ಶುಲ್ಕವಿಲ್ಲ. ಭರ್ತಿ ಮಾಡಿದ ಅರ್ಜಿಯನ್ನು ಭಾವಚಿತ್ರ, ವಯಸ್ಸಿನ ದಾಖಲೆ ಹಾಗೂ ವಾಸಸ್ಥಳದ ದಾಖಲೆಗಳೊಂದಿಗೆ ಮತಗಟ್ಟೆ ಮಟ್ಟದ ಅಧಿಕಾರಿಗೆ ಅಥವಾ ತಾಲ್ಲೂಕು ಕಛೇರಿಗೆ ನೀಡಬಹುದು. ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. ಮತದಾರರ ಸಹಾಯವಾಣಿಯ ಸಂಖ್ಯೆ 1950.

ಅರ್ಜಿಯು ತಿರಸ್ಕೃತವಾದಲ್ಲಿ ಆದೇಶದ ದಿನಾಂಕದಿಂದ 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಗಮನಿಸಿ: ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಅದು ಸರಿಯಾದ ಭಾಗದಲ್ಲಿ ಇರಬೇಕು. ವಿಧಾನಸಭಾ ಚುನಾವಣೆಯಲ್ಲಿ ಪಕ್ಕದ ಬೀದಿಯ ಭಾಗದಲ್ಲಿ ಹೆಸರಿದ್ದರೂ ಅಭ್ಯರ್ಥಿಗಳು ಬದಲಾಗುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲಾದರೋ ಮತ್ತೊಂದು ವಾರ್ಡಿನ ಸದಸ್ಯರಿಗೆ ಮತ ನೀಡಿದಂತಾಗಿ, ತಮ್ಮ ಬೀದಿಯ ಸದಸ್ಯರನ್ನು ಆರಿಸುವ ಹಕ್ಕು ಕೈತಪ್ಪುತ್ತದೆ. ಚುನಾವಣೆ ಘೋಷಣೆಯಾದ ಬಳಿಕ ಕಾಲಾವಕಾಶ ಅತ್ಯಲ್ಪವಾದ್ದರಿಂದ ಮುಂಚಿತವಾಗಿಯೇ ಪಟ್ಟಿಯನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ. ಉದ್ಯೋಗದ ನಿಮಿತ್ತ ಬೇರೆ ಊರಿನಲ್ಲಿ ಖಾಯಂ ಆಗಿ ವಾಸಿಸುತ್ತಿರುವವರು ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಸ್ಪರ್ಧಿಸಲು ಅರ್ಹತೆ

ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು. ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಕಾನೂನಿನಲ್ಲಿ ಹೇಳಿರುವ ಅನರ್ಹತೆಗಳಿಗೆ ಒಳಪಟ್ಟಿರಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗಗಳಿಗೆ ಮೀಸಲಾದ ಸ್ಥಾನಕ್ಕೆ ಸ್ಪರ್ಧಿಸುವವರು ಜಾತಿ ಪ್ರಮಾಣ ಪತ್ರವನ್ನು ಸಲ್ಲಿಸತಕ್ಕದ್ದು. 2020ರ ಚುನಾವಣೆಯಲ್ಲಿ ಠೇವಣಿಯು ಸಾಮಾನ್ಯ ಅಭ್ಯರ್ಥಿಗಳಿಗೆ 200 ರೂ. ಹಾಗೂ ಮೀಸಲು ವರ್ಗದವರಿಗೆ 100 ರೂ. ಆಗಿತ್ತು. ಪಕ್ಷದ ಟಿಕೆಟ್ ಬೇಕಾಗಿಲ್ಲ, ಠೇವಣಿಯೂ ಅಲ್ಪ. ಹೀಗಾಗಿ ಕೂಲಿಕಾರರು, ಗೃಹಿಣಿಯರು ಸೇರಿದಂತೆ ಯಾವುದೇ ಅರ್ಹ ನಾಗರಿಕರು ಸ್ಪರ್ಧಿಸಲು ಇಲ್ಲಿ ಅವಕಾಶವಿದೆ.

ಸಾಮಾನ್ಯ ಸ್ಥಾನವು ಯಾವುದೇ ಒಂದು ವರ್ಗಕ್ಕೆ ಸೀಮಿತವಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗದವರು ಸಾಮಾನ್ಯ ಸ್ಥಾನಗಳಿಗೂ ಸ್ಪರ್ಧಿಸಬಹುದು.

ಮತ ಚಲಾಯಿಸುವ ವಿಧಾನ

ಗ್ರಾಮ ಪಂಚಾಯಿತಿಯ ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗಬಹುದು. ವಿಧಾನಸಭಾ ಚುನಾವಣೆಯ ರೂಢಿಯಿಂದ ಒಂದೇ ಮತ ನೀಡಿ ಹಿಂದಿರುಗುವವರೂ, ಗೊಂದಲದಿಂದ ಹೆಚ್ಚು ಗುರುತು ಹಾಕುವವರೂ ಇದ್ದಾರೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಿ:

1. ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳನ್ನು ಪ್ರತಿ ಮತದಾರರು ನೀಡಬಹುದು. ಮೂರು ಸ್ಥಾನಗಳಿದ್ದರೆ ಮೂವರು ಅಭ್ಯರ್ಥಿಗಳಿಗೆ ಒಂದೊಂದು ಮತ.

2. ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಮತ ನೀಡುವಂತಿಲ್ಲ.

3. ಸ್ಥಾನಗಳ ಸಂಖ್ಯೆಗಿಂತ ಕಡಿಮೆ ಮತ ನೀಡಬಹುದು. ಹೆಚ್ಚು ಗುರುತು ಹಾಕಿದಲ್ಲಿ ಮತಪತ್ರವು ತಿರಸ್ಕೃತವಾಗುತ್ತದೆ.

4. ಮೀಸಲು ಸ್ಥಾನದ ಅಭ್ಯರ್ಥಿಗೆ ಆ ವರ್ಗದವರು ಮಾತ್ರ ಮತ ನೀಡಬೇಕೆಂಬ ಭಾವನೆ ತಪ್ಪು. ಕ್ಷೇತ್ರದ ಎಲ್ಲ ಮತದಾರರೂ ಎಲ್ಲ ಸ್ಥಾನಗಳಿಗೆ ಮತ ನೀಡಬಹುದು.

5. ಮತಪತ್ರದ ಮೇಲೆ ಸಹಿ, ಹೆಬ್ಬೆಟ್ಟು ಅಥವಾ ಹೆಸರು ಬರೆಯಬಾರದು. ಮತಗಟ್ಟೆಯಲ್ಲಿ ನೀಡುವ ಮುದ್ರೆಯನ್ನು ಮಾತ್ರ ಬಳಸಬೇಕು.

2020ರ ಡಿಸೆಂಬರ್ 22 ಹಾಗೂ 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರಗಳನ್ನು, ಉಳಿದೆಡೆ ಮತಪತ್ರಗಳನ್ನು ಬಳಸಲಾಯಿತು. ವಾರ್ಡಿನ ಮತದಾರರ ಸಂಖ್ಯೆ ಕೆಲವೇ ನೂರುಗಳಷ್ಟು ಇರುವಲ್ಲಿ ಒಂದೆರಡು ಮತಗಳಿಂದ ಫಲಿತಾಂಶ ನಿರ್ಧಾರವಾಗಬಹುದು. ಸಮಾನ ಮತಗಳು ಬಂದಲ್ಲಿ ಚೀಟಿ ಎತ್ತುವ ಮೂಲಕ ತೀರ್ಮಾನಿಸಲಾಗುತ್ತದೆ. ತಿರಸ್ಕೃತವಾದ ಒಂದು ಮತಪತ್ರದ ಬೆಲೆ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅವಿರೋಧ ಆಯ್ಕೆ ಹಾಗೂ ಸ್ಥಾನಗಳ ಹರಾಜು

ಸ್ಥಾನಗಳಿಗೆ ಸಮನಾದ ಸಂಖ್ಯೆಯ ಅಭ್ಯರ್ಥಿಗಳು ಮಾತ್ರ ಕಣದಲ್ಲಿ ಉಳಿದರೆ ಅವರನ್ನು ಅವಿರೋಧವಾಗಿ ಆಯ್ಕೆಯಾದವರೆಂದು ಘೋಷಿಸಲಾಗುತ್ತದೆ. 2020ರಲ್ಲಿ ಸುಮಾರು 8,000 ಸದಸ್ಯರು ಹೀಗೆ ಆಯ್ಕೆಯಾದರು. ಊರಿನವರು ಸ್ವಇಚ್ಛೆಯಿಂದ ಒಮ್ಮತಕ್ಕೆ ಬರುವುದು ಕಾನೂನುಬಾಹಿರವಲ್ಲ.

ಆದರೆ ಅದೇ ಚುನಾವಣೆಯ ಸಂದರ್ಭದಲ್ಲಿ ಕೆಲವು ಗ್ರಾಮಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಲಾಗಿದೆ ಎಂಬ ವರದಿಗಳು ಬಂದವು. ಇಂತಹ ಪ್ರಕರಣಗಳಲ್ಲಿ ಕಾನೂನು ಕ್ರಮ ಜರುಗಿಸುವಂತೆ ರಾಜ್ಯ ಚುನಾವಣಾ ಆಯೋಗವು ಅಧಿಕಾರಿಗಳಿಗೆ ಸೂಚಿಸಿತು. ಹರಾಜಿನ ಹಣವು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಥವಾ ಊರಿನ ಒಳ್ಳೆಯ ಕೆಲಸಕ್ಕೆ ಬಳಕೆಯಾಗುತ್ತದೆಂದು ಸಮರ್ಥಿಸಿಕೊಳ್ಳುವುದುಂಟು. ಈ ವಾದವು ಸರಿಯಲ್ಲ. ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿ ಚುನಾವಣಾ ಹಕ್ಕು ಎಂದರೆ ಮತ ನೀಡುವ ಹಕ್ಕು ಮಾತ್ರವಲ್ಲ. ಅಭ್ಯರ್ಥಿಯಾಗಿ ನಿಲ್ಲುವುದು, ನಿಲ್ಲದಿರುವುದು ಹಾಗೂ ಉಮೇದುವಾರಿಕೆಯನ್ನು ಹಿಂಪಡೆಯುವುದು ಸಹ ಅದರಲ್ಲಿ ಸೇರಿದೆ. ಈ ಹಕ್ಕನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಚಲಾಯಿಸುವಂತೆ ಪ್ರೇರೇಪಿಸಲು ಯಾವುದೇ ವ್ಯಕ್ತಿಗೆ ಹಣ ಅಥವಾ ಪ್ರತಿಫಲ ನೀಡುವುದು ಲಂಚದ ಅಪರಾಧವಾಗುತ್ತದೆ. ಇದಕ್ಕೆ ಒಂದು ವರ್ಷದವರೆಗಿನ ಕಾರಾವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಹರಾಜಿನಲ್ಲಿ ನಷ್ಟ ಹೊಂದುವವರು ಸ್ಪರ್ಧೆಯಿಂದ ಹಿಂದೆ ಸರಿದವರು ಮಾತ್ರವಲ್ಲ, ಇಡೀ ವಾರ್ಡಿನ ಮತದಾರರು. ಮೀಸಲು ಸ್ಥಾನಗಳಲ್ಲಿ ಹೀಗಾದಾಗ, ಯಾರ ದನಿಗೆ ಸ್ಥಾನ ಕಲ್ಪಿಸಲು ಮೀಸಲಾತಿ ನೀಡಲಾಗಿದೆಯೋ ಅವರ ಆಯ್ಕೆಯು ಹಣವುಳ್ಳವರ ಕೈಸೇರುತ್ತದೆ. ಹಣ ನೀಡಿ ಸ್ಥಾನ ಪಡೆದವರಿಗೆ ಮುಂದಿನ ಐದು ವರ್ಷ ಊರಿನವರಿಗೆ ಉತ್ತರ ಹೇಳುವ ಅಗತ್ಯವೂ ಕಾಣದೇ ಹೋಗಬಹುದು. ಪಕ್ಷವಿಲ್ಲದ ಚುನಾವಣೆ ಎಂದರೆ ಸ್ಪರ್ಧೆಯಿಲ್ಲದ ಚುನಾವಣೆ ಎಂದು ಅರ್ಥವಲ್ಲ.

ದೂರು ಹಾಗೂ ಚುನಾವಣಾ ತಕರಾರು ಅರ್ಜಿ

ಹರಾಜು, ಹಣ ಅಥವಾ ಮದ್ಯ ಹಂಚಿಕೆ, ಬೆದರಿಕೆ ಮುಂತಾದವು ಕಂಡುಬಂದಲ್ಲಿ ಚುನಾವಣಾಧಿಕಾರಿ, ತಹಶೀಲ್ದಾರರು, ಜಿಲ್ಲಾಧಿಕಾರಿಗಳು ಅಥವಾ ಸಮೀಪದ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಬಹುದು. ದೂರಿನಲ್ಲಿ ದಿನಾಂಕ, ಸ್ಥಳ ಹಾಗೂ ನಡೆದ ಸಂಗತಿಯನ್ನು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳುವುದು ಸೂಕ್ತ.

ಫಲಿತಾಂಶವನ್ನು ಪ್ರಶ್ನಿಸಬೇಕಾದಲ್ಲಿ ಚುನಾವಣಾ ತಕರಾರು ಅರ್ಜಿಯೊಂದೇ ಕಾನೂನುಬದ್ಧ ಮಾರ್ಗ. ಫಲಿತಾಂಶ ಘೋಷಣೆಯ ದಿನಾಂಕದಿಂದ 30 ದಿನಗಳೊಳಗೆ ಅಧಿನಿಯಮದಲ್ಲಿ ಗೊತ್ತುಪಡಿಸಿದ ಸಿವಿಲ್ ನ್ಯಾಯಾಲಯಕ್ಕೆ ಇದನ್ನು ಸಲ್ಲಿಸತಕ್ಕದ್ದು. ಸೋತ ಅಭ್ಯರ್ಥಿಗೆ ಮಾತ್ರವಲ್ಲದೆ ಆ ಕ್ಷೇತ್ರದ ಮತದಾರರಿಗೂ ಈ ಹಕ್ಕಿದೆ. ಪಂಚಾಯಿತಿ ಕಛೇರಿಗಾಗಲಿ ಜಿಲ್ಲಾಧಿಕಾರಿಗಳಿಗಾಗಲಿ ನೀಡಿದ ಮನವಿಯು ತಕರಾರು ಅರ್ಜಿಗೆ ಬದಲಿಯಾಗುವುದಿಲ್ಲವಾದ್ದರಿಂದ ಅವಧಿ ಮೀರದಂತೆ ಎಚ್ಚರ ವಹಿಸಬೇಕು.

ಸಾರ್ವಜನಿಕರಲ್ಲಿ ಮನವಿ

ಮತದಾರರ ಪಟ್ಟಿಯಲ್ಲಿ ತಮ್ಮ ಹಾಗೂ ಮನೆಯವರ ಹೆಸರು ಸರಿಯಾದ ವಾರ್ಡಿನಲ್ಲಿ ಇರುವುದನ್ನು ಖಚಿತಪಡಿಸಿಕೊಳ್ಳಿ. ತಮ್ಮ ವಾರ್ಡಿನಲ್ಲಿ ಎಷ್ಟು ಸ್ಥಾನಗಳಿವೆ ಎಂಬುದನ್ನು ತಿಳಿದು ಅಷ್ಟೂ ಮತಗಳನ್ನು ವಿವೇಚನೆಯಿಂದ ಚಲಾಯಿಸಿ. ಹಣಕ್ಕೆ ಸ್ಥಾನ ನೀಡುವ ಯಾವುದೇ ಒಪ್ಪಂದದಲ್ಲಿ ಭಾಗಿಗಳಾಗಬೇಡಿ. ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಮತಗಟ್ಟೆ ಮಟ್ಟದ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಥವಾ ತಾಲ್ಲೂಕು ಕಛೇರಿಯ ಚುನಾವಣಾ ಶಾಖೆಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.