ಗಾಡಿ ಆರಿಸುವ ಮುನ್ನ ಎಡಗೈಯನ್ನು ಕೇಳಿ

"ಮಾವ, ಹಾಸನದಲ್ಲಿ ಕೆಲಸ ಸಿಕ್ತು. ಗಾಡಿ ತಗೋಬೇಕು. 350 ತಗೊಳ್ಲಾ, 160 ತಗೊಳ್ಲಾ?"

ಹಳೇಕೋಟೆಯಿಂದ ಸೋದರಳಿಯ ಫೋನ್ ಮಾಡಿ ಕೇಳಿದ ಮೊದಲ ಮಾತೇ ಸಿಸಿ ಲೆಕ್ಕ. ಅವನೊಬ್ಬನದಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ಹುಡುಗ ಕೇಳಿದರೂ ಹೀಗೇ ಕೇಳುತ್ತಾನೆ. "ಸಿಸಿ ಆಮೇಲೆ ನೋಡೋಣ. ದಿನದಲ್ಲಿ ನಿನಗೆ ಕಷ್ಟದ ಅರ್ಧ ಗಂಟೆ ಎಲ್ಲಿ ಬರುತ್ತೆ, ಅದು ಹೇಳಪ್ಪ" ಅಂದೆ. ಅವನು ಸುಮ್ಮನಾದ.

ಹೊಳೆನರಸೀಪುರದ ಕಡೆಯಿಂದ ಹಾಸನಕ್ಕೆ ಹೋಗುವವರ ದಾರಿಯನ್ನು ನೆನೆಸಿಕೊಳ್ಳಿ. ಊರಿನಿಂದ ಒಂದಿಷ್ಟು ಹಳ್ಳಿ ರಸ್ತೆ, ಆಮೇಲೆ ಬಿಳಿಕೆರೆಯಿಂದ ಬೇಲೂರಿಗೆ ಹೋಗುವ 373ನೇ ಹೆದ್ದಾರಿ. ತೆಂಗಿನ ತೋಟ, ಗದ್ದೆ, ಬೆಳಗಿನ ತಂಪು ಗಾಳಿ. ಮೂವತ್ತು ಚಿಲ್ಲರೆ ಕಿಲೋಮೀಟರಿನ ಈ ದಾರಿಯಲ್ಲಿ ಯಾವ ಗಾಡಿ ಕೊಟ್ಟರೂ ಓಡುತ್ತದೆ. ಹಾಸನ ಪೇಟೆ ಹೊಕ್ಕ ಮೇಲೆ ಕಥೆಯೇ ಬೇರೆ. ಬಿ.ಎಂ. ರಸ್ತೆ, ಎನ್.ಆರ್. ವೃತ್ತ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಮುತ್ತ ಬಸ್ಸು, ಆಟೊ, ಶಾಲೆ ವ್ಯಾನು, ತರಕಾರಿ ಗಾಡಿ ಎಲ್ಲ ಒಟ್ಟಿಗೆ ಸೇರುತ್ತವೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಂತೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಗಾಡಿ ಆರಿಸಬೇಕಾದದ್ದು ಈ ಕೊನೆಯ ನಾಲ್ಕೈದು ಕಿಲೋಮೀಟರಿಗಾಗಿ. ನಾವೋ, ಮೊದಲ ಮೂವತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತೇವೆ.

ಪೇಟೆಯಲ್ಲಿ ನಿಮ್ಮ ಎಡಗೈ ಎಷ್ಟು ಸಲ ಕ್ಲಚ್ ಹಿಡಿಯುತ್ತದೆ, ಒಮ್ಮೆ ಎಣಿಸಿ ನೋಡಿ. ಎನ್.ಆರ್. ವೃತ್ತ ದಾಟುವಷ್ಟರಲ್ಲೇ ಲೆಕ್ಕ ತಪ್ಪುತ್ತದೆ. ಹಿಡಿ, ಬಿಡು, ಅರ್ಧ ಬಿಡು, ಮತ್ತೆ ಹಿಡಿ. ಸಂಜೆ ಮನೆಗೆ ಬಂದ ಮೇಲೆ ಮುಂಗೈ ಸೆಳೆಯುವುದು ಇದಕ್ಕೇ. ಹಾಫ್ ಕ್ಲಚ್‌ನಲ್ಲೇ ಓಡಿಸುತ್ತಿದ್ದರೆ ಒಳಗಿನ ಪ್ಲೇಟುಗಳು ಉಜ್ಜಿ ಸವೆಯುತ್ತವೆ, ಪೆಟ್ರೋಲು ವ್ಯರ್ಥವಾಗುತ್ತದೆ. ನಮ್ಮ ರಸ್ತೆಯ ಬಹುಪಾಲು ಬೈಕುಗಳ ಎಂಜಿನ್ ತಣ್ಣಗಾಗುವುದು ಎದುರು ಗಾಳಿಯಿಂದ. ನಿಂತ ಗಾಡಿಗೆ ಎದುರು ಗಾಳಿ ಇಲ್ಲ. ಎಂಜಿನ್ ದೊಡ್ಡದಾದಷ್ಟೂ ಅದರ ಕಾವು ಸವಾರನ ತೊಡೆಗೆ ತಟ್ಟುತ್ತದೆ.

ಈ ಎಡಗೈಯ ಚಿಂತೆ ಇವತ್ತಿನದಲ್ಲ. ನಮ್ಮ ಕಡೆ ಹಿಂದಿನ ತಲೆಮಾರಿನವರ ಕನಸಿನ ಬೈಕು ಮೈಸೂರಿನಲ್ಲೇ ತಯಾರಾಗುತ್ತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಹೊರತರಲು ಶುರುಮಾಡಿತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಿಕ್ ಹೊಡೆದ ಮೇಲೆ ಅದೇ ಕಿಕ್ಕರನ್ನು ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿದ್ದುದು ಎಲ್ಲರಿಗೂ ನೆನಪಿದೆ. ಅಷ್ಟಾಗಿ ನೆನಪಿಲ್ಲದ ಇನ್ನೊಂದು ಸಂಗತಿ ಇದೆ. ಜಾವಾದಲ್ಲಿ ಗೇರ್ ಲಿವರ್ ತುಳಿದರೆ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು, ಕೈಯಲ್ಲಿ ಹಿಡಿಯಲೇಬೇಕು ಅಂತಿರಲಿಲ್ಲ. ಎಡಗೈಗೆ ಬಿಡುವು ಕೊಡುವ ಆ ಜಾಣತನವನ್ನು ಆಮೇಲಿನ ಬೈಕುಗಳು ಕೈಬಿಟ್ಟಿದ್ದು ನನಗೆ ಇವತ್ತಿಗೂ ನಷ್ಟವೆಂದೇ ಕಾಣುತ್ತದೆ.

ಜಾವಾದ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕಿತ್ತು, ಮೈಲೇಜ್ ಕಡಿಮೆ. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದಾಗ ಜನ ಅತ್ತ ತಿರುಗಿದರು. 97.2 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. 1994ರಲ್ಲಿ ಅದೇ ಅಳತೆಯ ಎಂಜಿನ್ ಹೊತ್ತು ಸ್ಪ್ಲೆಂಡರ್ ಬಂತು. ಮೂವತ್ತು ವರ್ಷ ದಾಟಿದರೂ ಹಳ್ಳಿಯ ಅರಳಿಕಟ್ಟೆಯ ಮುಂದೆ ನಿಲ್ಲಿಸಿದ ಸಾಲಿನಲ್ಲಿ ಅದು ಇದ್ದೇ ಇರುತ್ತದೆ. ಕೈಲಾಗದವರ ಗಾಡಿ ಅಂತ ಹುಡುಗರು ಮೂಗು ಮುರಿಯಬಹುದು. ಆದರೆ ಅದರ ತೂಕ ಬರೀ 112 ಕೆ.ಜಿ., ಸೀಟಿನ ಎತ್ತರ 785 ಮಿ.ಮೀ. ಐದಡಿ ನಾಲ್ಕಂಗುಲದವರೂ ಎರಡೂ ಕಾಲು ಊರಿ ನಿಲ್ಲಬಹುದು. 350 ಸಿಸಿಯ ಬುಲೆಟ್ ತೂಗುವುದು 195 ಕೆ.ಜಿ. ಆ ಎಂಬತ್ತು ಚಿಲ್ಲರೆ ಕೆ.ಜಿ. ಹೆದ್ದಾರಿಯಲ್ಲಿ ಗಾಡಿಯನ್ನು ಅಲುಗದಂತೆ ಹಿಡಿದಿಡುತ್ತದೆ, ನಿಜ. ಪೇಟೆಯ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆದು ಹೊರತೆಗೆಯುವಾಗ ಅಷ್ಟೂ ಭಾರ ನಿಮ್ಮ ಸೊಂಟದ ಮೇಲೆ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಚಿಕ್ಕ ಗಾಡಿಗೂ ಇಳಿಯಿತು, ದೊಡ್ಡದಕ್ಕೂ ಇಳಿಯಿತು. 'ಇನ್ನೊಂದಿಷ್ಟು ಹಾಕಿದರೆ ದೊಡ್ಡದೇ ಬರುತ್ತಲ್ಲ' ಎಂಬ ಆಸೆ ಹುಟ್ಟುವುದು ಇಲ್ಲೇ. ಆ ಇನ್ನೊಂದಿಷ್ಟು ತಿಂಗಳ ಕಂತಾಗಿ ಬಂದಾಗ ತೂಕ ಗೊತ್ತಾಗುತ್ತದೆ. ಶೋರೂಮಿನ ಬೋರ್ಡಿನ ಬೆಲೆಯ ಮೇಲೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರುತ್ತವೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಹಾಗಾಗಿ ಆನ್ ರೋಡ್ ಬೆಲೆಯನ್ನಷ್ಟೇ ಕೇಳಿ, ಅದನ್ನೂ ಬರೆಸಿಕೊಳ್ಳಿ.

ಪಿಕಪ್ ಬೇಡವೇ ಅಂದರೆ, ಖಂಡಿತ ಬೇಕು. ಆದರೆ ಯಾವ ವೇಗದಲ್ಲಿ ಬೇಕು ಅನ್ನುವುದು ಮುಖ್ಯ. ಹಾಸನದಲ್ಲಿ ಒಂದೆರಡು ವರ್ಷ ದುಡಿದು ನಮ್ಮ ಹುಡುಗರು ಅದೇ ಗಾಡಿಯೊಂದಿಗೆ ಬೆಂಗಳೂರು ಸೇರುವುದೂ ಉಂಟು, ಕೆಎ 13 ನಂಬರಿನ ಬೈಕುಗಳು ನೆಲಮಂಗಲ, ಪೀಣ್ಯದ ಕಡೆ ಎಷ್ಟು ಬೇಕಾದರೂ ಕಾಣುತ್ತವೆ. ಟಾಮ್‌ಟಾಮ್ ಸಂಸ್ಥೆ 2022ರಲ್ಲಿ ಅಳೆದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿದಿತ್ತು. ಗಂಟೆಗೆ ಇಪ್ಪತ್ತು ಕಿ.ಮೀ. ಚಿಲ್ಲರೆ ಆಯಿತು. ನೂರಿಪ್ಪತ್ತರಲ್ಲಿ ಹೋಗುವ ಶಕ್ತಿ ಅಲ್ಲಿ ಯಾವ ಕೆಲಸಕ್ಕೂ ಬಾರದು. ಸೆಕೆಂಡ್ ಗೇರಿನಲ್ಲಿ ಹದಿನೈದರ ವೇಗದಲ್ಲಿದ್ದಾಗ, ಹಿಂದೆ ಹೆಂಡತಿ ಕೂತಿರುವಾಗ, ಆಕ್ಸಿಲರೇಟರ್ ತಿರುವಿದರೆ ಗಾಡಿ ಜಗ್ಗದೆ ಮುಂದೆ ಹೋಗುತ್ತದೆಯೇ? ಕೇಳಬೇಕಾದ ಪಿಕಪ್ ಇದು. ಇದನ್ನು ಹೇಳುವ ಅಂಕಿ ಟಾರ್ಕ್. ಎಂಜಿನ್ ಕಡಿಮೆ ಸುತ್ತುವಾಗಲೇ ಅದು ಒದಗಿದರೆ ಗೇರ್ ಇಳಿಸುವ, ಏರಿಸುವ ಕಾಟ ಕಡಿಮೆ, ಎಡಗೈಗೂ ಕೆಲಸ ಕಡಿಮೆ. ಸ್ಪ್ಲೆಂಡರಿನ ಟಾರ್ಕ್ ಸುಮಾರು 8 ಎನ್‌ಎಂ, 125 ಸಿಸಿಯ ಶೈನ್‌ನದು ಸುಮಾರು 11. ತೂಕ ಹೆಚ್ಚುಕಡಿಮೆ ಅಷ್ಟೇ. ಒಬ್ಬರೇ ಓಡಾಡುವವರಿಗೆ ನೂರು ಸಿಸಿ ಸಾಕು. ದಿನಾ ಡಬಲ್ಸ್ ಹೋಗುವವರಿಗೆ, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲೇಬೇಕಾದವರಿಗೆ 125 ಸರಿ. ಅದಕ್ಕಿಂತ ಮೇಲೆ ಹೋಗಬೇಕಾದ ಕಾರಣ ಹಳೇಕೋಟೆಯಿಂದ ಹಾಸನದ ನಡುವೆ ನನಗೆ ಕಂಡಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ಮೇಲೆ ಹೋಗಲು ಒಂದು ಕಾರಣವಿದೆ, ಅದನ್ನು ಮುಚ್ಚಿಡಬಾರದು. 2019ರ ಏಪ್ರಿಲಿನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಗಾಡಿ ಜಾರುವುದನ್ನು ಇದು ತಪ್ಪಿಸುತ್ತದೆ. ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಸಿಬಿಎಸ್ ಸಾಕೆಂದಿತ್ತು ನಿಯಮ: ಕಾಲಿನ ಬ್ರೇಕ್ ಒತ್ತಿದರೆ ಹಿಂದಿನ ಚಕ್ರದ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಗಾಡಿ ಕಲಿಸುವಾಗ ಮೊದಲು ಹೇಳುವ ಮಾತು, "ಮುಂದಿನ ಬ್ರೇಕ್ ಮುಟ್ಟಬೇಡ, ಬಿದ್ದೋಗ್ತೀಯ." ಮಣ್ಣು ರಸ್ತೆಯ ಕಾಲದಲ್ಲಿ ಹುಟ್ಟಿದ ಮಾತದು, ಅಲ್ಲಿಗೆ ಸರಿ. ಡಾಂಬರಿನ ಮೇಲೆ ಬ್ರೇಕ್ ಹಿಡಿದ ಕೂಡಲೇ ಗಾಡಿಯ ಮತ್ತು ನಮ್ಮ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಗಾಡಿಯನ್ನು ನಿಲ್ಲಿಸುವ ಬಲ ಬಹುಪಾಲು ಮುಂದಿನ ಚಕ್ರದ್ದೇ. ಬಸ್ಸಿನ ಮುಂದಿನಿಂದ ಮಗು ಓಡಿ ಬಂದಾಗ ಹಿಂದಿನ ಬ್ರೇಕೊಂದನ್ನೇ ನಂಬಿದವನು ನಿಲ್ಲುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 125ರ ಒಳಗೇ ತಗೊಳ್ಳುವುದಾದರೆ ಮುಂದೆ ಡಿಸ್ಕ್ ಇರುವುದನ್ನೇ ಆರಿಸಿ, ಖಾಲಿ ಮೈದಾನದಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯುವುದನ್ನು ಒಂದು ಭಾನುವಾರ ಪೂರ್ತಿ ಅಭ್ಯಾಸ ಮಾಡಿ.

ಸ್ಕೂಟರ್ ಆಗದೇ? ಪೇಟೆಯಲ್ಲೇ ಮನೆ ಇರುವವರಿಗೆ ಅದರಷ್ಟು ಸುಖ ಬೇರಿಲ್ಲ, ಕ್ಲಚ್ಚೇ ಇಲ್ಲ. ಹಳ್ಳಿ ರಸ್ತೆಯಲ್ಲಿ ಅದರ ಹತ್ತು, ಹನ್ನೆರಡು ಇಂಚಿನ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತದೆ. ಬೈಕಿನ ಹದಿನೆಂಟು ಇಂಚಿನ ಚಕ್ರ ಅದೇ ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ. ವಿದ್ಯುತ್ ಸ್ಕೂಟರಿಗೂ ಇದೇ ಮಾತು. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರನ್ನು ಮೂರು ಯೂನಿಟ್ ಮೇಲ್ಪಟ್ಟ ಬ್ಯಾಟರಿ ತೂಗಿಸಬಹುದು, ರಾತ್ರಿ ಮನೆಯಲ್ಲಿ ಕರೆಂಟು ನಂಬಿಕೆಯದಾಗಿರಬೇಕು ಅಷ್ಟೇ. ಇನ್ನು ಟಿವಿಎಸ್ ಎಕ್ಸ್‌ಎಲ್ ಇದೆ. ಡೈರಿಗೆ ಹಾಲಿನ ಕ್ಯಾನು, ತೋಟದಿಂದ ತೆಂಗಿನಕಾಯಿ ಮೂಟೆ, ಅರಕಲಗೂಡಿನ ಕಡೆ ಆಲೂಗಡ್ಡೆ ಚೀಲ ಹೊರುವ ಈ ಗಾಡಿಗೂ ಕೈ ಕ್ಲಚ್ ಇಲ್ಲ. ರೈತನ ಎಡಗೈಗೆ ಸಿಕ್ಕ ಬಿಡುವು ಬೈಕಿನವನಿಗೆ ಸಿಕ್ಕಿಲ್ಲ.

ಶೋರೂಮಿಗೆ ಹೋಗುವಾಗ ಹುಡುಗರು ಗೆಳೆಯರನ್ನು ಕರೆದೊಯ್ಯುತ್ತಾರೆ. ಕರೆದೊಯ್ಯಬೇಕಾದದ್ದು ಹಿಂದೆ ಕೂರುವವರನ್ನು. ಅಮ್ಮನೋ ಹೆಂಡತಿಯೋ ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂತು ನೋಡಲಿ. ಸೀಟು ಎರಡು ಭಾಗವಾಗಿ, ಹಿಂದಿನದು ಎತ್ತರವಾಗಿರುವ ಗಾಡಿಯಲ್ಲಿ ಅವರು ರಸ್ತೆಯ ಪ್ರತಿ ಉಬ್ಬಿಗೂ ಜೀವ ಕೈಯಲ್ಲಿ ಹಿಡಿದಿರುತ್ತಾರೆ. ಹಿಂಬದಿಯವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕಾಗಿ ಸೀರೆ ಗಾರ್ಡ್ ಬಿಚ್ಚಿಸುವವರು ಇದನ್ನು ನೆನಪಿಟ್ಟುಕೊಳ್ಳಲಿ. ಸೆರಗು ಚಕ್ರಕ್ಕೆ ಸಿಕ್ಕರೆ ಕೂಗುವಷ್ಟೂ ಸಮಯವಿರುವುದಿಲ್ಲ.

ದೊಡ್ಡ ಗಾಡಿಯ ಆಸೆ ಬಿಟ್ಟು ಉಳಿಸಿದ ಹಣದಲ್ಲಿ ಮೊದಲು ಎರಡು ಹೆಲ್ಮೆಟ್ ಬರಲಿ, ಐಎಸ್‌ಐ ಮುದ್ರೆಯವು, ಗದ್ದಕ್ಕೆ ಬಿಗಿಯಾಗಿ ಕೂರುವವು. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೆಂಬ ನಿಯಮ ಕರ್ನಾಟಕದಲ್ಲಿ 2016ರಿಂದ ಜಾರಿಯಲ್ಲಿದೆ. ಆದರೂ ಹೊಳೆನರಸೀಪುರದಿಂದ ಹಾಸನದವರೆಗೆ ನೋಡಿಕೊಂಡು ಬನ್ನಿ, ಹಿಂದೆ ಕೂತವರ ತಲೆ ಬರಿದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಅದರಲ್ಲಿ 14,337 ಮಂದಿ ಹಿಂದೆ ಕೂತಿದ್ದವರು.

ಅಳಿಯ ಇನ್ನೂ ತೀರ್ಮಾನ ಮಾಡಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ, ರಸ್ತೆ ಖಾಲಿ ಇರುವಾಗ ಟೆಸ್ಟ್ ರೈಡ್ ಮಾಡಬೇಡಿ. ಸಂಜೆ ಐದೂವರೆಗೆ ಹೋಗಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎನ್.ಆರ್. ವೃತ್ತದವರೆಗೆ ಹೋಗಿ ಬರುತ್ತೇನೆಂದು ಡೆಮೊ ಗಾಡಿ ಕೇಳಿ. ಕೊಡದಿದ್ದರೆ ಮುಂಗಡ ಕಟ್ಟದೆ ಪಕ್ಕದ ಶೋರೂಮಿಗೆ ಹೋಗಿ.